ಆಂಟಿ ಸಿಸಿಪಿ ಪಾಸಿಟಿವ್ ಬಂದ ಮಗಳಿಗೆ

ಮಗಳೇ, ನಿನ್ನೆ ರಾತ್ರಿ ನೀನು ಗುಂಪಿಗೆ ಹಾಕಿದ ರಕ್ತಪರೀಕ್ಷೆಯ ವರದಿಯನ್ನೂ, ಅದರ ಕೆಳಗೆ ಬರೆದಿದ್ದ ‘ಚಿಕ್ಕಮ್ಮ, ಅಮ್ಮನಿಗೆ ಬಂದ ಸಂಧಿವಾತ ನನಗೂ ಬಂದೇ ಬರುತ್ತದೆಯೇ?’ ಎಂಬ ಪ್ರಶ್ನೆಯನ್ನೂ ಬೆಳಿಗ್ಗೆ ಎದ್ದೊಡನೆ ನೋಡಿದೆ. ಪಾಸಿಟಿವ್ ಬಂದ ಮೇಲೆ ತಡಮಾಡದೆ ಔಷಧ ಶುರುಮಾಡು ಎಂದು ನಿನ್ನ ಮಾವ ಹೇಳಿದ್ದಾರೆ. ಬೆರಳುಗಳ ಆ ಬಿಗಿತ ಬರೀ ಆಯಾಸ, ವಿಶ್ರಾಂತಿ ತೆಗೆದುಕೊಂಡರೆ ಹೋಗುತ್ತದೆ ಎಂದು ಅತ್ತೆ ಹೇಳಿದ್ದಾರೆ. ಇಬ್ಬರೂ ನಿನ್ನ ಮೇಲಿನ ಪ್ರೀತಿಯಿಂದಲೇ ಹೇಳಿದ್ದಾರೆ, ಆದರೆ ನಿನ್ನ ಈಗಿನ ಸ್ಥಿತಿಗೆ ಆ ಎರಡು ಮಾತುಗಳಲ್ಲಿ ಯಾವುದೂ ಸರಿಹೊಂದುವುದಿಲ್ಲ. ಕೀಲುರೋಗದ ವಿಭಾಗದಲ್ಲಿ ಹಲವು ವರ್ಷ ನರ್ಸ್ ಆಗಿದ್ದವಳು ನಾನು; ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಹೇಳುತ್ತೇನೆ, ಸಮಾಧಾನವಾಗಿ ಕೇಳು.

ಮೊದಲು ಆ ವರದಿಯ ವಿಷಯ. ಆಂಟಿ ಸಿಸಿಪಿ ಎಂಬುದು ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಪ್ರೋಟೀನುಗಳನ್ನು ಪರಕೀಯವೆಂದು ತಪ್ಪು ತಿಳಿದು ತಯಾರಿಸುವ ಪ್ರತಿಕಾಯ. ಕೀಲು ಊದಿಕೊಳ್ಳುವುದಕ್ಕೆ ಎಷ್ಟೋ ವರ್ಷ ಮೊದಲೇ ಅದು ರಕ್ತದಲ್ಲಿ ಕಾಣಿಸಿಕೊಳ್ಳಬಲ್ಲದು. ನೆದರ್ಲೆಂಡ್ಸ್‌ನಲ್ಲಿ ಮುಂದೆ ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ನಿನ್ನ ಅಮ್ಮನಿಗೆ ಬಂದ ಇದೇ ಸಂಧಿವಾತ, ಬಂದ 79 ರಕ್ತದಾನಿಗಳ ಹಳೆಯ ರಕ್ತದ ಮಾದರಿಗಳನ್ನು ಶೈತ್ಯಾಗಾರದಿಂದ ತೆಗೆದು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು ಅರ್ಧದಷ್ಟು ಜನರ ರಕ್ತದಲ್ಲಿ ಆಂಟಿ ಸಿಸಿಪಿ ಅಥವಾ ಆರ್‌ಎ ಫ್ಯಾಕ್ಟರ್ ಎಂಬ ಅಂಥದೇ ಇನ್ನೊಂದು ಪ್ರತಿಕಾಯ ರೋಗಲಕ್ಷಣಗಳಿಗಿಂತ ಮೊದಲೇ ಇತ್ತು. ಅದು ಕಾಣಿಸಿಕೊಂಡದ್ದು ಮಧ್ಯಮಾಂಕದ ಲೆಕ್ಕದಲ್ಲಿ ನಾಲ್ಕೂವರೆ ವರ್ಷ ಮೊದಲು. ಇದನ್ನು ಕೇಳಿ ನೀನು ಹೆದರಬಹುದು. ಆದರೆ ಆ ಅಧ್ಯಯನ ರೋಗ ಬಂದವರಿಂದ ಹಿಂದಕ್ಕೆ ನೋಡಿದ್ದು. ಪ್ರತಿಕಾಯ ಇರುವವರಿಂದ ಮುಂದಕ್ಕೆ ನೋಡಿದರೆ ಚಿತ್ರ ಬೇರೆಯೇ ಆಗುತ್ತದೆ: ಆಂಟಿ ಸಿಸಿಪಿಯ ಜೊತೆಗೆ ಕೀಲುನೋವೂ ಇದ್ದು ತಜ್ಞರ ಬಳಿಗೆ ಬಂದವರಲ್ಲಿಯೂ ಕೆಲವು ವರ್ಷಗಳೊಳಗೆ ರೋಗ ಬಲಿತದ್ದು ಸರಿಸುಮಾರು ಅರ್ಧದಷ್ಟು ಜನರಿಗೆ ಮಾತ್ರ. ಪ್ರತಿಕಾಯದ ಮಟ್ಟ ಮಾಮೂಲಿ ಮಿತಿಯ ಮೂರು ಪಟ್ಟು ಮೀರಿದ್ದರೆ, ಅಥವಾ ಆರ್‌ಎ ಫ್ಯಾಕ್ಟರ್ ಕೂಡ ಜೊತೆಗೆ ಇದ್ದರೆ, ಸಂಭವ ಹೆಚ್ಚುತ್ತದೆ. ನಿನ್ನ ವರದಿಯಲ್ಲಿ ಆರ್‌ಎ ಫ್ಯಾಕ್ಟರ್ ಇಲ್ಲ, ಆಂಟಿ ಸಿಸಿಪಿ ಮೂರು ಪಟ್ಟಿನ ಒಳಗೇ ಇದೆ, ದೇಹದಲ್ಲಿ ಉರಿಯೂತವಿದ್ದರೆ ಏರುವ ಸಿಆರ್‌ಪಿ ಕೂಡ ಹೆಚ್ಚಿಲ್ಲ.

ಇನ್ನು ನಾನು ನಿನ್ನಿಂದ ನಿಜವಾಗಿ ತಿಳಿಯಬೇಕಾದದ್ದು ಕಾಗದದಲ್ಲಿಲ್ಲ, ನಿನ್ನ ಕೈಯಲ್ಲಿದೆ. ಕೀಲುನೋವು ಎಂದು ಬರುವ ನೂರಾರು ಜನರಲ್ಲಿ ಯಾರನ್ನು ಎಚ್ಚರದಿಂದ ಗಮನಿಸಬೇಕು ಎಂಬುದಕ್ಕೆ ಯುರೋಪಿನ ಕೀಲುರೋಗ ತಜ್ಞರ ಒಕ್ಕೂಟವಾದ ಯೂಲಾರ್ 2017ರಲ್ಲಿ ಏಳು ಗುರುತುಗಳನ್ನು ಹೇಳಿತು. ನೋವು ಶುರುವಾಗಿ ಇನ್ನೂ ಒಂದು ವರ್ಷ ಆಗಿರಬಾರದು. ನೋವು ಬೆರಳುಗಳ ಬುಡದ ಗೆಣ್ಣುಗಳಲ್ಲಿರಬೇಕು. ಬೆಳಗಿನ ಬಿಗಿತ ಒಂದು ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಇರಬೇಕು. ದಿನದಲ್ಲಿ ಅತಿಹೆಚ್ಚು ತೊಂದರೆ ಮುಂಜಾನೆಯೇ ಆಗಬೇಕು. ತಂದೆತಾಯಿ, ಒಡಹುಟ್ಟಿದವರು ಅಥವಾ ಮಕ್ಕಳಲ್ಲಿ ಒಬ್ಬರಿಗಾದರೂ ಈ ರೋಗವಿರಬೇಕು. ಉಳಿದ ಎರಡನ್ನು ವೈದ್ಯರು ಮುಟ್ಟಿ ನೋಡುತ್ತಾರೆ. ಮುಷ್ಟಿ ಕಟ್ಟಲು ಹೇಳಿ, ಬೆರಳ ತುದಿಗಳು ಅಂಗೈಯನ್ನು ಪೂರ್ತಿ ತಾಗುತ್ತವೆಯೇ ಎಂದು ಗಮನಿಸುತ್ತಾರೆ. ಆಮೇಲೆ ತೋರುಬೆರಳಿನಿಂದ ಕಿರುಬೆರಳಿನವರೆಗಿನ ಬುಡದ ಗೆಣ್ಣುಗಳನ್ನು ಎರಡು ಪಕ್ಕಗಳಿಂದ, ಕೈಕುಲುಕುವಾಗ ಹಿಡಿಯುವಂತೆ, ಹಿತವಾಗಿ ಅದುಮುತ್ತಾರೆ. ಸಾಮಾನ್ಯ ಕೈಗೆ ಅದು ಏನೂ ಅನ್ನಿಸುವುದಿಲ್ಲ, ಆದರೆ ಒಳಗೆ ಉರಿಯೂತವಿದ್ದವರು ಥಟ್ಟನೆ ಕೈ ಹಿಂದಕ್ಕೆ ಎಳೆದುಕೊಳ್ಳುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಇವುಗಳಲ್ಲಿ ಮೂರು ಇದ್ದರೆ ಅನುಮಾನಕ್ಕೆ ಎಡೆಯುಂಟು, ನಾಲ್ಕು ಅಥವಾ ಹೆಚ್ಚು ಇದ್ದರೆ ಅನುಮಾನ ಇನ್ನಷ್ಟು ಗಟ್ಟಿ. ಆದರೆ ಈ ಪಟ್ಟಿ, ಬೇರೆ ಕಾರಣಗಳಿಲ್ಲವೆಂದು ಖಚಿತಪಡಿಸಿಕೊಂಡ ತಜ್ಞರು ಬಳಸಲಿ ಎಂದು ಮಾಡಿದ್ದು. ಮನೆಯಲ್ಲಿ ಕುಳಿತು ನಾವೇ ಲೆಕ್ಕ ಹಾಕಿ ರೋಗದ ಹೆಸರಿಟ್ಟುಕೊಳ್ಳುವುದಕ್ಕಲ್ಲ.

ನಿನ್ನ ಅಮ್ಮನ ವಿಷಯದಲ್ಲಿ ಆದದ್ದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ. ಅಕ್ಕನ ಉಂಗುರ ಬೆಳಗಿನ ಹೊತ್ತು ಬೆರಳಿನಿಂದ ಕದಲುತ್ತಿರಲಿಲ್ಲ, ಮಧ್ಯಾಹ್ನಕ್ಕೆ ತಾನಾಗಿಯೇ ಸಡಿಲವಾಗುತ್ತಿತ್ತು. ಬಾಟಲಿಯ ಮುಚ್ಚಳ ತಿರುಗಿಸಲು ಎರಡೂ ಅಂಗೈಗಳನ್ನು ಜೋಡಿಸಿ ಹಿಡಿಯುತ್ತಿದ್ದಳು. ಆಗ ತೋರಿಸಿದ ಕಡೆ ವಯಸ್ಸಿನ ಸವೆತ ಎಂದು ನೋವಿನ ಮಾತ್ರೆ ಬರೆದುಕೊಟ್ಟು ಕಳಿಸಿದರು, ಏಳು ತಿಂಗಳು ಹಾಗೆಯೇ ಕಳೆದವು. ಸವೆತದ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ. ಕೈಯಲ್ಲಾದರೆ ಉಗುರಿನ ಹತ್ತಿರದ ಗೆಣ್ಣುಗಳಲ್ಲಿ ಹೆಚ್ಚು ಕಾಣುತ್ತದೆ, ಮುಟ್ಟಿದರೆ ಮೂಳೆಯಂತೆ ಗಟ್ಟಿ ಇರುತ್ತದೆ. ಉರಿಯೂತದ ಊತ ಹಾಗಲ್ಲ, ಬುಡದ ಮತ್ತು ನಡುವಿನ ಗೆಣ್ಣುಗಳಲ್ಲಿ ಹಿಟ್ಟಿನ ಮುದ್ದೆಯಂತೆ ಮೆತ್ತಗೆ ಕೈಗೆ ಸಿಗುತ್ತದೆ. ಆ ಮೆತ್ತನೆಯ ಊತ ಬಂದ ದಿನ, ಮುಂದೆ ಬರಬಹುದೇ ಎಂಬ ಪ್ರಶ್ನೆ ಮುಗಿದು ಚಿಕಿತ್ಸೆಯ ಪ್ರಶ್ನೆ ಶುರುವಾಗುತ್ತದೆ. ಅಲ್ಲಿಂದ ಮುಂದೆ ಒಂದೊಂದು ವಾರವೂ ಮುಖ್ಯ.

ಮಾವ ಹೇಳಿದಂತೆ ಈಗಲೇ ಔಷಧ ಕೊಟ್ಟು ರೋಗವನ್ನು ತಡೆಯಬಹುದಲ್ಲ ಎಂದು ವೈದ್ಯಲೋಕವೂ ಯೋಚಿಸದೆ ಇಲ್ಲ. ಅನುಮಾನಾಸ್ಪದ ಕೀಲುನೋವಿರುವ 236 ಜನರಲ್ಲಿ, ಈ ರೋಗಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಎಂಬ ಔಷಧವನ್ನು ಒಂದು ವರ್ಷ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು: ನೋವು, ಬಿಗಿತ ಕಡಿಮೆಯಾದವು, ಆದರೆ ರೋಗ ಬರುವುದು ತಪ್ಪಲಿಲ್ಲ. 2024ರಲ್ಲಿ ಪ್ರಕಟವಾದ ಅಬಟಾಸೆಪ್ಟ್ ಚುಚ್ಚುಮದ್ದಿನ ಪ್ರಯೋಗ ಇದಕ್ಕಿಂತ ಭರವಸೆ ಕೊಟ್ಟಿತು. ಮದ್ದು ಪಡೆದವರಲ್ಲಿ ಮೊದಲ ವರ್ಷ ಶೇ. 6 ಜನರಿಗೆ ಮಾತ್ರ ರೋಗ ಬಂತು, ಪಡೆಯದವರಲ್ಲಿ ಶೇ. 29 ಜನರಿಗೆ. ಆದರೆ ಮದ್ದು ನಿಲ್ಲಿಸಿ ಇನ್ನೊಂದು ವರ್ಷ ಕಳೆಯುವ ಹೊತ್ತಿಗೆ ಆ ಅಂಕಿಗಳು ಶೇ. 25 ಮತ್ತು ಶೇ. 37 ಆದವು, ಅಂದರೆ ಬಹುಪಾಲು ಅದು ರೋಗವನ್ನು ಮುಂದೂಡಿತು. ಎಂದೂ ರೋಗ ಬಾರದಿರಬಹುದಾದ ಅರ್ಧದಷ್ಟು ಜನರಿಗೂ ಅಂಥ ಮದ್ದಿನ ಭಾರ ಹೊರಿಸಬೇಕೇ ಎಂಬುದೇ ಇಲ್ಲಿ ಕಷ್ಟದ ಪ್ರಶ್ನೆ. ನಿನ್ನಂಥವಳಿಗೆ ಇಂದು ಅದನ್ನು ಶುರುಮಾಡಬೇಕೆಂದು ನನಗೆ ಅನ್ನಿಸುವುದಿಲ್ಲ.

ನಿನ್ನ ಹತೋಟಿಯಲ್ಲಿರುವುದು ಹೊಗೆಸೊಪ್ಪಿನಿಂದ ದೂರವಿರುವುದು. ಈ ಪ್ರತಿಕಾಯದ ಜೊತೆ ಸಿಗರೇಟು ಸೇರಿದರೆ ಅಪಾಯ ಖಂಡಿತ ಏರುತ್ತದೆ. ನೀನು ಕಳೆದ ವರ್ಷ ಬಿಟ್ಟದ್ದನ್ನು ಮತ್ತೆ ಹಿಡಿಯಬೇಡ. ವಸಡಿನಲ್ಲಿ ರಕ್ತ ಬರುತ್ತದೆ ಎಂದಿದ್ದೆಯಲ್ಲ, ದಂತವೈದ್ಯರಿಗೆ ತೋರಿಸು, ಆ ರೋಗಕ್ಕೂ ಇದಕ್ಕೂ ನಂಟು ಇದೆ.

ಮುಂದಿನ ವಾರದ ಒಳಗೆ ಕೀಲುರೋಗ ತಜ್ಞರನ್ನು, ಅಂದರೆ ರುಮಟಾಲಜಿಸ್ಟ್ ಅವರನ್ನೇ ಕಾಣು. ಬೇಕೆನಿಸಿದರೆ ಅವರು ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಿ, ಹೊರಗೆ ಕಾಣದ ಉರಿಯೂತ ಸ್ನಾಯುರಜ್ಜುಗಳ ಹೊದಿಕೆಯಲ್ಲಿ ಇದೆಯೇ ಎಂದು ನೋಡುತ್ತಾರೆ. ಅಲ್ಲಿಯವರೆಗೆ ಯಾರು ಕೊಟ್ಟರೂ ಸ್ಟಿರಾಯ್ಡ್ ಮಾತ್ರೆ ನುಂಗಬೇಡ, ಅದು ಊತವನ್ನು ಮರೆಮಾಡಿ ವೈದ್ಯರನ್ನು ದಾರಿ ತಪ್ಪಿಸುತ್ತದೆ. ನಾಳೆಯಿಂದ ಎದ್ದ ಸಮಯವನ್ನೂ ಬೆರಳುಗಳು ಸಡಿಲವಾದ ಸಮಯವನ್ನೂ ಒಂದು ಚೀಟಿಯಲ್ಲಿ ಬರೆದಿಡು, ಊದಿಕೊಂಡಂತೆ ಕಂಡ ದಿನ ಎರಡೂ ಕೈಗಳ ಹಿಂಬದಿಯ ಫೋಟೋ ತೆಗೆದಿಡು. ಭೇಟಿಗೆ ಹೋಗುವಾಗ ಅಮ್ಮನ ಹಳೆಯ ಕಡತವನ್ನೂ ತೆಗೆದುಕೊಂಡು ಹೋಗು. ದಿನ ಗೊತ್ತಾದೊಡನೆ ನನಗೆ ತಿಳಿಸು, ನಾನೂ ಜೊತೆಗೆ ಬರುತ್ತೇನೆ.