ಸಹಾಯ ಬೇಕು: ಸಣ್ಣ ಕೈಗೆ .32 ರಿವಾಲ್ವರೋ, ಪಿಸ್ತೂಲೋ?

ನಮಸ್ಕಾರ್ರೀ. ಗದಗ ಹತ್ರ ತೋಟದ ಮನ್ಯಾಗ ಇರೋ ಅಕ್ಕಾರಿಗೆ ಲೈಸೆನ್ಸ್ ಆಗೇತಿ. ಗುಂಡು ಹಾರಿಸಿದ ರೂಢಿ ಇಲ್ಲ. ಮಣಿಕಟ್ಟಿನಿಂದ ನಡುಬೆರಳ ತುದಿತನಕ ಬರೇ ಆರೂವರೆ ಇಂಚು. 9 ಎಂಎಂ ನಿಷೇಧಿತ ಬೋರ್ (ಸಾಮಾನ್ಯ ಲೈಸೆನ್ಸಿನಾಗ ಸಿಗದ ಗುಂಡಿನ ಅಳತಿ), ಹಿಂಗಾಗಿ ಅದರ ಮಾತು ಬ್ಯಾಡ. ಉಳಿದದ್ದು .32: ನಿರ್ಭೀಕ್ ರಿವಾಲ್ವರ್, ಇಲ್ಲಾ ಅಶನಿ ಪಿಸ್ತೂಲು.

ನನ್ನ ಒಲವು ರಿವಾಲ್ವರ್ ಕಡೆ. ತೆರೆದರ ಆರೂ ಗುಂಡಿನ ಮನಿ ಕಣ್ಣಿಗೆ ಕಾಣತಾವ, ತುಂಬೇತೋ ಖಾಲಿನೋ ಅನುಮಾನ ಉಳಿಯೂದಿಲ್ಲ. ಪಿಸ್ತೂಲಿನ ಸ್ಲೈಡ್ (ಕಾಡತೂಸು ಏರಿಸಾಕ ಹಿಂದಕ್ಕ ಎಳಿಯೋ ಮ್ಯಾಲಿನ ಭಾಗ) ಸ್ಪ್ರಿಂಗ್ ಬಿಗಿ; ಅರ್ಧಕ್ಕ ಎಳದು ಬಿಟ್ಟರ ಕಾಡತೂಸು ಸಿಕ್ಕಿಬೀಳತೈತಿ. ಆದ್ರ ರಿವಾಲ್ವರಿನ ಡಬಲ್ ಆ್ಯಕ್ಷನ್ ಟ್ರಿಗರ್, ಅಂದ್ರ ಕುದುರಿ (ಹಿಂಬದಿಯ ಹ್ಯಾಮರ್) ಎತ್ತದ ಬರೇ ಟ್ರಿಗರ್ ಎಳದು ಹೊಡಿಯೋದು, ಭಾಳ ಭಾರ. ಕುದುರಿ ಎತ್ತಿ ಹೊಡಿಯೋದು ಹಗುರ ಖರೆ, ಹೊಡೀದೆ ಅದನ್ನ ಇಳಿಸೂವಾಗ ಹೆಬ್ಬೆರಳು ಜಾರಿದರ ಗುಂಡು ಹಾರತೈತಿ. ಹೊಸಬರಿಗೆ ಅದನ್ನ ಕಲಿಸಬಾರದು ಅಂತೀನಿ.

ನಿರ್ಭೀಕ್ ತೂಕ ಅರ್ಧ ಕಿಲೋ ಅಷ್ಟ. ಹಗುರ ಇದ್ದಷ್ಟು ಹೊಡದಾಗ ಕೈಗೆ ಹಿಂದಕ್ಕ ಒದಿಯೋದು ಜಾಸ್ತಿ.

ಸಣ್ಣ ಕೈ ಇರೋರು ಯಾರರ ಇವನ್ನ ಇಟ್ಟಿದ್ರ ಇಷ್ಟು ನೋಡಿ ಹೇಳ್ರಿ. ಪೂರಾ ಖಾಲಿ ಮಾಡಿ, ಕಾಡತೂಸು ಬ್ಯಾರೆ ಖೋಲಿಯೊಳಗಿಟ್ಟು, ನಳಿಗಿ ಮುಂಗೈಗೆ ನೆಟ್ಟಗ ಹಿಡೀರಿ. ತೋರುಬೆರಳಿನ ಮೊದಲ ಗಿಣ್ಣಿನ ಮೆತ್ತನೆ ಭಾಗ ಟ್ರಿಗರಿನ ನಡುವ ಕೂಡತೈತೇನು? ಬರೇ ತುದಿ ಮುಟ್ಟಿದರ ಕೈ ತಿರುವಬೇಕಾಗತೈತಿ. ಆಗ ಒದಿಯೋ ಏಟು ಹೆಬ್ಬೆರಳ ಬುಡಕ್ಕ ಬೀಳತೈತಿ, ಗುರಿ ಬಾಜೂಕ ಹೋಗತೈತಿ. ಹಿಡಿಕಿ ಹಿಂಬದಿಯಿಂದ ಟ್ರಿಗರ್ ತನಕ ಎಷ್ಟು ಮಿಲಿಮೀಟರ್ ಅನ್ನೋದೂ ಬೇಕು.

ದಪ್ಪ ರಬ್ಬರ್ ಹಿಡಿಕಿ ಹಾಕಿದರ ಬೆರಳು ಇನ್ನೂ ದೂರ ಆಗತೈತಿ. ತೆಳು ಕಟ್ಟಿಗಿ ಹಿಡಿಕಿ ಹುಬ್ಬಳ್ಳಿ-ಧಾರವಾಡದಾಗ ಲೈಸೆನ್ಸ್ ಇರೋ ಅಂಗಡಿಯೊಳಗ ಸಿಗತಾವೇನ್ರಿ?