ಸಹಾಯ ಬೇಕು: ಜೋಳದ ಬದುವಿನ ಗಿಡ ಹೊಸ ಮಿಶ್ರತಳಿಯೇ, ಹಳೆಯದೇ?

ಆಳಂದ ತಾಲೂಕಿನ ನಮ್ಮ ಹೊಲದ ಬದುವಿನಲ್ಲಿ, ಬಿಳಿಜೋಳದ ಸಾಲಿಗೆ ತಾಗಿಕೊಂಡೇ, ಎಲೆ ಜೋಳದಷ್ಟು ಅಗಲವಿದ್ದರೂ ತೆನೆ ಸಡಿಲವಾಗಿರುವ, ಕಿತ್ತರೆ ಬುಡದಲ್ಲಿ ಬೆರಳುಗಾತ್ರದ ಬಿಳಿಯ ನೆಲಕಾಂಡ ಕಾಣುವ ಗಿಡಗಳಿವೆ. ಇವು ಜೋಳ ಮತ್ತು ಅದರ ಹತ್ತಿರದ ಸಂಬಂಧಿಯಾದ ಕಳೆ ಜಾನ್ಸನ್ ಹುಲ್ಲಿನ ಮಿಶ್ರತಳಿಯಿರಬಹುದೆಂದು ನನ್ನ ಸ್ನಾತಕೋತ್ತರ ಪ್ರಬಂಧಕ್ಕಾಗಿ ಪರೀಕ್ಷಿಸುತ್ತಿದ್ದೇನೆ.

ಕೋಶಕೇಂದ್ರದ ಡಿಎನ್‌ಎಯಲ್ಲಿ ಪ್ರಭೇದ ಗುರುತಿಸಲು ಬಳಸುವ ಐಟಿಎಸ್ ಭಾಗದ ಅಕ್ಷರಕ್ರಮವನ್ನು ಎರಡು ಬಾರಿ ಓದಿಸಿದರೂ ಕೆಲವು ಸ್ಥಾನಗಳಲ್ಲಿ ಎರಡೆರಡು ಶಿಖರಗಳು ಒಂದರ ಮೇಲೊಂದು ಬಿದ್ದಿವೆ, ಅಂದರೆ ಒಂದೇ ಸ್ಥಾನದಲ್ಲಿ ಎರಡು ಬಗೆಯ ಡಿಎನ್‌ಎ ಅಕ್ಷರಗಳು ಕಾಣುತ್ತಿವೆ. ಬೇರುತುದಿಯಲ್ಲಿ ಎಣಿಸಿದ ವರ್ಣತಂತುಗಳು 40. ಜೋಳದಿಂದ 10, ಹುಲ್ಲಿನಿಂದ 20 ಸೇರಿ 30 ಬಂದಿದ್ದರೆ ಹೊಸ ಮಿಶ್ರತಳಿಯೆಂಬುದರಲ್ಲಿ ಅನುಮಾನವೇ ಉಳಿಯುತ್ತಿರಲಿಲ್ಲ. ಆದರೆ 40 ವರ್ಣತಂತುಗಳ ಜಾನ್ಸನ್ ಹುಲ್ಲೇ ಬಹಳ ಹಿಂದೆ, ತಲಾ 20 ವರ್ಣತಂತುಗಳಿರುವ ಜೋಳದ ವಂಶ ಮತ್ತು ಸೋರ್ಗಮ್ ಪ್ರೊಪಿಂಕ್ವಮ್ ಎಂಬ ಕಾಡುಜೋಳ ಕೂಡಿ ಹುಟ್ಟಿದ್ದರಿಂದ, ಈ ಜೋಡಿ ಶಿಖರಗಳು ಆ ಹಳೆಯ ಬೆರಕೆಯ ಗುರುತೋ, ನಮ್ಮ ಹೊಲದಲ್ಲೇ ನಡೆದ ಹೊಸ ಬೆರಕೆಯದೋ ತಿಳಿಯದೆ ನಿಂತಿದ್ದೇನೆ.

ಇವೆರಡನ್ನು ಬೇರ್ಪಡಿಸಲು ಕಡಿಮೆ ಪ್ರತಿಗಳಿರುವ ಕೋಶಕೇಂದ್ರ ಜೀನ್‌ಗಳನ್ನು ಕ್ಲೋನ್ ಮಾಡಿ (ಪ್ರತಿಯೊಂದು ಪ್ರತಿಯನ್ನೂ ಬೇರ್ಪಡಿಸಿ) ಓದಿಸುವುದು ಸಾಕೇ, ಅಥವಾ ಸುತ್ತಲಿನ ಜೋಳ ಮತ್ತು ಹುಲ್ಲಿನ ಮಾದರಿಗಳೊಂದಿಗೆ ಮೈಕ್ರೋಸ್ಯಾಟಲೈಟ್ (ಮತ್ತೆ ಮತ್ತೆ ಬರುವ ಚಿಕ್ಕ ಡಿಎನ್‌ಎ ತುಣುಕುಗಳ) ಹೋಲಿಕೆಯೂ ಅಗತ್ಯವೇ? ಅನುಭವವಿರುವವರು ದಯವಿಟ್ಟು ತಿಳಿಸಿ.