ಖಾಲಿ ಮಲಗುವ ಕೋಣೆಯ ಚಿತ್ರ: ನೆಮ್ಮದಿ ಬರ್ತಾ ಇಲ್ಲ, ಯಾರಾದ್ರೂ ಹೇಳಿ

ಮಳೆಮನೆ, ಮಡಿಕೇರಿ:
ಮೂರನೇ ಸಲ ಈ ಚಿತ್ರ ಬರೀತಿದ್ದೇನೆ, ಸಾಕಾಗಿ ಹೋಗಿದೆ. ಅಜ್ಜಿಯ ಕೋಣೆ. ಮಂಚ, ಕಿಟಕಿ, ಅಷ್ಟೇ. ಮಧ್ಯಾಹ್ನದ ನಿದ್ದೆ ಮುಗಿಸಿ ಅವರು ಈಗಷ್ಟೇ ಎದ್ದು ಹೋದ ಹಾಗಿರಬೇಕು. ನೋಡಿದವರೆಲ್ಲ ‘ಸಾವಿನ ಮನೆ ಥರ ಇದೆ’ ಅಂತಾರೆ. ಡಚ್ ಚಿತ್ರಕಾರ ವ್ಯಾನ್ ಗಾಗ್ ಫ್ರಾನ್ಸಿನ ಆರ್ಲ್ ಊರಲ್ಲಿದ್ದ ತನ್ನ ಮಲಗುವ ಕೋಣೆ ಬರೆದಿದ್ದಾನಲ್ಲ, ಆ ಚಿತ್ರ ನೋಡಿಯೇ ಗೋಡೆಗೆ ನೀಲಿ ಹಾಕಿದ್ದು. ತಪ್ಪೆಲ್ಲಿ?

ಗೋಣಿಕೊಪ್ಪದ ಬ್ರಶ್:
ನೀಲಿಯೇ ತಪ್ಪು. 1888ರ ಅಕ್ಟೋಬರಿನಲ್ಲಿ ಅವನು ತನ್ನ ತಮ್ಮ ತಿಯೋಗೆ ಬರೆದ ಪತ್ರದಲ್ಲಿ ಗೋಡೆ ತಿಳಿ ನೇರಳೆ ಅಂತಿದೆ. ಆ ನೇರಳೆಯೊಳಗಿನ ಕೆಂಪು ಬಣ್ಣ ಬೆಳಕು ಬಿದ್ದು ಮಾಸಿ ನೀಲಿ ಉಳಿದಿದೆ. ನೀವು ಮಾಸಿದ ಬಣ್ಣ ನಕಲು ಮಾಡಿದ್ದೀರಿ. ಅಲಿಜರಿನ್ ಕೆಂಪು ಬೇಡ, ಅದೂ ಮಾಸುತ್ತೆ. ಕ್ವಿನಾಕ್ರಿಡೋನ್ ಕೆಂಪಿಗೆ ಅಲ್ಟ್ರಾಮರೀನ್ ನೀಲಿ, ಬಿಳಿ ಬೆರೆಸಿ.

ಸೋಮವಾರಪೇಟೆ ಈಸೆಲ್:
ಎಣ್ಣೆ ಬಣ್ಣವೋ ಅಕ್ರಿಲಿಕ್ಕೋ ಹೇಳೇ ಇಲ್ಲ. ಈ ಮಳೆಯಲ್ಲಿ ಎಣ್ಣೆ ಒಣಗುತ್ತಾ? ನನ್ನ ಕೋಣೆಯಲ್ಲಿ ಗಾಳಿಯ ತೇವ ಹೀರೋ ಡಿಹ್ಯುಮಿಡಿಫೈಯರ್ ಇದೆ, ತೇವಾಂಶ ಶೇಕಡಾ 55 ದಾಟಲ್ಲ. ಜುಲೈನಲ್ಲೂ ಒಂದು ಕ್ಯಾನ್ವಾಸಿಗೂ ಬೂಷ್ಟು ಹಿಡಿದಿಲ್ಲ. ಇರಲಿ, ವ್ಯಾನ್ ಗಾಗ್‌ನ ಆ ಚಿತ್ರದಲ್ಲಿ ಗೋಡೆಯೇ ವಾರೆ, ಅದನ್ನ ನೋಡಿ ಕಲಿಯಬೇಡಿ.

ಗೋಣಿಕೊಪ್ಪದ ಬ್ರಶ್:
ವಾರೆ ಇದ್ದದ್ದು ಆ ಮನೆ! ಕೋಣೆ ನಿಜಕ್ಕೂ ಚೌಕವಾಗಿರಲಿಲ್ಲ. ಆಮ್‌ಸ್ಟರ್ಡ್ಯಾಮ್, ಶಿಕಾಗೊ, ಪ್ಯಾರಿಸ್, ಮೂರು ಕಡೆಯ ಮ್ಯೂಸಿಯಮ್ಮಿನಲ್ಲಿರೋ, ಅವನೇ ಬರೆದ ಮೂರು ಪ್ರತಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ, ಆಮೇಲೆ ಮಾತಾಡಿ.

ಮಳೆಮನೆ:
ಎಣ್ಣೆ. ನೇರಳೆ ಹಾಕಿದೆ. ಇನ್ನೂ ಸಾವಿನ ಮನೆಯೇ.

ಗೋಣಿಕೊಪ್ಪದ ಬ್ರಶ್:
ನೇರಳೆ ಸಾಲದು. ಮಂಚಕ್ಕೆ ಹಸಿ ಬೆಣ್ಣೆಯ ಹಳದಿ, ಹೊದಿಕೆಗೆ ಕಡುಗೆಂಪು ಬೇಕು.

ಹೊಳೆದಂಡೆ:
ಬಣ್ಣ ಸ್ವಲ್ಪ ಬಿಡಿ. ನಿಮ್ಮ ಮಂಚದ ಮೇಲೆ ಏನಿದೆ? ವ್ಯಾನ್ ಗಾಗ್‌ನ ಕೋಣೆಯಲ್ಲಿ ಎರಡು ದಿಂಬು, ಎರಡು ಕುರ್ಚಿ, ಗೂಟದಲ್ಲಿ ಬಟ್ಟೆ, ಮೇಜಿನ ಮೇಲೆ ಮುಖ ತೊಳೆಯೋ ಬೋಗುಣಿ. ಮನುಷ್ಯ ಹೊರಗೆ ಹೋಗಿದ್ದಾನೆ, ಬರ್ತಾನೆ. ಬೇಕಂತಲೇ ನೆರಳುಗಳನ್ನೂ ತೆಗೆದಿದ್ದಾನೆ, ಜಪಾನಿ ಮುದ್ರಣಗಳ ಹಾಗೆ. ನೀವು ಮಂಚದಡಿ ಕಪ್ಪು ತುಂಬಿದ್ದೀರಾ?

ಮಳೆಮನೆ:
ಹೌದು, ತುಂಬಿದ್ದೇನೆ. ಹಾಸಿಗೆ ಸುತ್ತಿ ತಲೆಕಡೆ ಇಟ್ಟಿದೆ. ಅದನ್ನೂ ಹೇಳಬೇಕು ಅಂತ ಗೊತ್ತಿರಲಿಲ್ಲ. ಅಜ್ಜಿ ತೀರಿಕೊಂಡ ಮೇಲೆ ತೆಗೆದ ಫೋಟೊ ನೋಡಿ ಬರೆದದ್ದು.

ಹೊಳೆದಂಡೆ:
ಹಾಗಾದ್ರೆ ನೋಡಿದವರು ಸರಿಯಾಗೇ ಹೇಳಿದ್ದಾರೆ. ಫೋಟೊ ಪಕ್ಕಕ್ಕಿಡಿ. ಹಾಸಿಗೆ ಬಿಡಿಸಿ, ಅವರು ತಲೆಗೆ ಕಟ್ಟುತ್ತಿದ್ದ ವಸ್ತ್ರ ಗೂಟಕ್ಕೆ ಹಾಕಿ, ದಿಂಬಿನಲ್ಲಿ ತಲೆ ಇಟ್ಟ ಗುಳಿ ಬರಲಿ.

ಗೋಣಿಕೊಪ್ಪದ ಬ್ರಶ್:
ಅದೂ ಮಾಡಿ. ಆದ್ರೆ ನೇರಳೆಗೆ ಬಿಳಿ ಎಷ್ಟು ಬೆರೆಸಿದ್ರಿ?

ಮಳೆಮನೆ:
ವಸ್ತ್ರ ಬರೆದೆ. ಹಾಸಿಗೆಯೂ ಆಯ್ತು. ದಿಂಬಿನ ಹತ್ತಿರ ಕೈ ನಿಂತಿದೆ. ಯಾವ ಮಗ್ಗುಲಾಗಿ ಮಲಗ್ತಿದ್ರು ಅಂತ ಅಮ್ಮನ್ನ ಕೇಳಬೇಕು.